ಹಣೆಬರಹ ಮತ್ತು ಮಳೆಗಾಲದ ಲೆಕ್ಕ

ಉಡುಪಿ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರಿಗೆ 41 ವರ್ಷ. ಬ್ಯಾಂಕಿನಲ್ಲಿ ಗುಮಾಸ್ತರು, ರಜಾದಿನಗಳಲ್ಲಿ ಹವ್ಯಾಸಿ ಯಕ್ಷಗಾನ ವೇಷಧಾರಿ. ನೌಕರಿ ಬಿಟ್ಟು ಮೇಳ ಸೇರಬೇಕೆಂಬ ಆಸೆ ಅವರದು. ಸಾಡೇಸಾತಿ ಕಳೆಯುವ ತನಕ ಕದಲಬೇಡಿ ಎಂಬುದು ಜ್ಯೋತಿಷಿಯ ಮಾತು. “ಸುಖ ನನ್ನ ಹಣೆಯಲ್ಲಿ ಬರೆದಿಲ್ಲವೋ, ನನಗೇ ಧೈರ್ಯವಿಲ್ಲವೋ?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ, ವಾರಭವಿಷ್ಯ ಅಚ್ಚು ಹಾಕುವ ಪತ್ರಿಕೆಯೊಂದರ ಸಂಪಾದಕ ವಿಧಿಯ ವಿರುದ್ಧ ಬರೆದರೆ ನೀವು ನಗಬಹುದು. ಆ ನಗುವಿಗೆ ನಾನು ಅರ್ಹನೇ. ಆದರೂ ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು, ವಿಧಿಯನ್ನು ನಮ್ಮೆಲ್ಲರಿಗಿಂತ ಗಟ್ಟಿಯಾಗಿ ನಂಬಿದವರ ಕಡೆಗೊಮ್ಮೆ ನೋಡೋಣ.

ಬುದ್ಧ, ಮಹಾವೀರರ ಕಾಲದಲ್ಲೇ ಇದ್ದ ಮಕ್ಖಲಿ ಗೋಶಾಲನ ಆಜೀವಿಕ ಪಂಥವು ಮನುಷ್ಯಪ್ರಯತ್ನವೆಂಬುದೇ ಇಲ್ಲ, ಎಲ್ಲವೂ ನಿಯತಿ ಎಂದು ಸಾರಿತು. ಎಸೆದ ದಾರದ ಉಂಡೆ ದಾರ ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತ ಹೋಗುವಂತೆ ಜೀವಗಳ ಬಾಳೂ ತನ್ನ ಅಳತೆಯಷ್ಟೇ ಸಾಗುತ್ತದೆ ಎಂಬುದು ಅವರ ಹೋಲಿಕೆ. ಉತ್ತರದಲ್ಲಿ ಹುಟ್ಟಿದ ಈ ಪಂಥದವರು ನಮ್ಮ ಕೋಲಾರದ ಸೀಮೆಯಲ್ಲಿ 14ನೆಯ ಶತಮಾನದವರೆಗೂ ಉಳಿದಿದ್ದರೆಂದು ಇತಿಹಾಸಕಾರರು ಹೇಳುತ್ತಾರೆ. ವಿಚಿತ್ರವೆಂದರೆ, ಪ್ರಯತ್ನವೇ ಸುಳ್ಳೆಂದ ಇವರು ಆಚರಿಸುತ್ತಿದ್ದುದು ಅತಿ ಕಠಿಣವಾದ ತಪಸ್ಸನ್ನು.

ಜೈನಾಗಮದಲ್ಲಿ ಸದ್ದಾಲಪುತ್ತನೆಂಬ ಶ್ರೀಮಂತ ಕುಂಬಾರನ ಕಥೆಯಿದೆ. ಅವನು ಆಜೀವಿಕರ ಅನುಯಾಯಿ. ಬಿಸಿಲಿಗಿಟ್ಟ ಮಡಕೆಗಳನ್ನು ತೋರಿಸಿ ಮಹಾವೀರ, ಇವು ಪ್ರಯತ್ನದಿಂದ ಆದವೋ ಅಲ್ಲವೋ ಎಂದು ಕೇಳುತ್ತಾನೆ. ಪ್ರಯತ್ನವೆಲ್ಲಿಯದು, ಎಲ್ಲ ನಿಯತ ಎಂದು ಕುಂಬಾರ. ಹಾಗಾದರೆ ಯಾರಾದರೂ ಈ ಮಡಕೆಗಳನ್ನು ಒಡೆದುಹಾಕಿದರೆ, ನಿನ್ನ ಹೆಂಡತಿಯೊಡನೆ ಕೆಟ್ಟದಾಗಿ ನಡೆದುಕೊಂಡರೆ ಏನು ಮಾಡುವೆ? ಬಯ್ಯುತ್ತೇನೆ, ಹೊಡೆಯುತ್ತೇನೆ, ಕೊಂದೇಬಿಡುತ್ತೇನೆ ಎನ್ನುತ್ತಾನೆ ಕುಂಬಾರ. ಎಲ್ಲವೂ ನಿಯತವೆಂದಾದರೆ ಒಡೆದವನ ತಪ್ಪೇನು ಎಂಬ ಮುಂದಿನ ಮಾತಿಗೆ ಅವನಲ್ಲಿ ಉತ್ತರವಿಲ್ಲ. ಇದು ಗೆದ್ದವರು ಹೇಳಿದ ಕಥೆ, ಆಜೀವಿಕರ ಗ್ರಂಥಗಳು ಉಳಿದಿಲ್ಲ, ಹೀಗಾಗಿ ವಾದದಲ್ಲಿ ಯಾರು ಸರಿ ಎಂದು ನಾನು ತೀರ್ಪು ಕೊಡಲಾರೆ. ಆದರೆ ಕುಂಬಾರನ ಗುಣ ನಮ್ಮೆಲ್ಲರದೂ ಹೌದು: ಮಾಡಬೇಕಾದುದು ಎದುರಿಗಿದ್ದಾಗ ಹಣೆಬರಹ, ಮಡಕೆ ಒಡೆದಾಗ ಹೊಣೆಗಾರನ ಹುಡುಕಾಟ. ಆಗಿಹೋದದ್ದಕ್ಕೆ ವಿಧಿಯೆಂದು ಸಮಾಧಾನ ತಂದುಕೊಳ್ಳುವುದನ್ನು ನಾನು ಹಳಿಯುವುದಿಲ್ಲ; ನಮ್ಮ ಅಜ್ಜಿಯಂದಿರು ಎಷ್ಟೋ ಸಾವುಗಳನ್ನು ಹಾಗೆಯೇ ದಾಟಿದರು. ಇನ್ನೂ ಆಗದಿರುವುದಕ್ಕೆ ಅದೇ ಮಾತನ್ನು ಆಡುವಾಗ ಮಾತ್ರ ಅನುಮಾನ ಬರುತ್ತದೆ.

ಹಾಗೆಂದು ನಾಳೆಯೇ ರಾಜೀನಾಮೆ ಕೊಡಿ ಎನ್ನುತ್ತಿಲ್ಲ. ಶನಿವಾರ ರಾತ್ರಿ ಬೇಕೆನಿಸಿ ಕಟ್ಟಿದ ಗೆಜ್ಜೆಗೂ, ಜ್ವರವಿದ್ದರೂ ಕಟ್ಟಲೇಬೇಕಾದ ಗೆಜ್ಜೆಗೂ ವ್ಯತ್ಯಾಸವಿದೆ. ದೀಪಾವಳಿಯ ನಂತರ ಹೊರಟ ಮೇಳ ಪತ್ತನಾಜೆಯವರೆಗೆ, ಎಂದರೆ ಮೇ ತಿಂಗಳ ಕೊನೆಯ ಭಾಗದವರೆಗೆ, ಊರೂರು ತಿರುಗುತ್ತದೆ. ಬಳಿಕ ಗೆಜ್ಜೆ ಬಿಚ್ಚಿದ ಕಲಾವಿದರಲ್ಲಿ ಕೆಲವರು ಮಳೆಯಲ್ಲಿ ಮನೆಮನೆಗೆ ಚಿಕ್ಕಮೇಳ, ಎಂದರೆ ಕೆಲವೇ ಜನರ ಪುಟ್ಟ ಆಟ, ಒಯ್ಯುತ್ತಾರೆ, ಉಳಿದವರು ಬೇರೆ ಕೆಲಸ ಹುಡುಕುತ್ತಾರೆ. ಸುಖವನ್ನು ಅರಸಿ ಹೊರಟವನು ಕಳೆದುಕೊಳ್ಳುವುದು ಸಂಬಳವೊಂದನ್ನೇ ಅಲ್ಲ, ಸುಖ ಕೊಡುತ್ತಿದ್ದ ವಸ್ತುವೇ ದುಡಿಮೆಯಾಗಿ ಸಪ್ಪೆಯಾಗಿಬಿಡಬಹುದು. ಈ ಅಪಾಯ ಯಾವ ಜಾತಕದಲ್ಲೂ ಕಾಣುವುದಿಲ್ಲ. ಸಂಬಳವಿಲ್ಲದ ರಜೆ ಸಿಗುವುದಾದರೆ ಒಂದು ತಿರುಗಾಟ ಮಾಡಿ ನೋಡಿದರೆ ಕಾಣುತ್ತದೆ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಜ್ಯೋತಿಷಿಯ ಅಭಿಪ್ರಾಯಕ್ಕೆ ಒಂದೂವರೆ ಪುಟ ಸಂದಿದೆ. ನಿಮ್ಮ ಪತ್ನಿಯ ವಿಷಯ ಬರುವುದು ಒಂದೇ ಸಾಲಿನಲ್ಲಿ, ಅದೂ “ಅವಳು ಏನೂ ಹೇಳುವುದಿಲ್ಲ” ಎಂದು. ನೀವು ಕೇಳಿದ್ದೀರಾ? ಜೂನ್‌ನಿಂದ ದೀಪಾವಳಿಯವರೆಗಿನ ಮನೆಖರ್ಚನ್ನು ಅವರೊಂದಿಗೆ ಕೂತು ಬರೆದ ಮೇಲೆ ಮತ್ತೊಂದು ಪತ್ರ ಹಾಕಿ. ಅದಕ್ಕೂ ಇಲ್ಲಿ ಜಾಗವಿದೆ.