ಟೋ ಬಾಲ್‌ಗೆ ಸ್ಟ್ರ್ಯಾಪ್ ಸಿಕ್ಕಿಸಿದ ಆ ವಿಡಿಯೋ ನೋಡಿ ಬರೆಯುತ್ತಿದ್ದೇನೆ

ನೀವು ಇಲ್ಲಿ ಹಾಕಿದ ವಿಡಿಯೋವನ್ನು ನೀವೇ ಇನ್ನೊಮ್ಮೆ ನಿಲ್ಲಿಸಿ ನಿಲ್ಲಿಸಿ ನೋಡಿ. ನಿಮ್ಮ ಪೋರ್ಷೆ ಕಯೆನ್ ಹಿಂದಿನ ಟೋ ಬಾಲ್‌ಗೆ, ಅಂದರೆ ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡಿಗೆ, ಸ್ನ್ಯಾಚ್ ಸ್ಟ್ರ್ಯಾಪ್‌ನ (ಹೂತ ಗಾಡಿ ಎಳೆಯುವ ಹಿಗ್ಗುವ ಪಟ್ಟಿ) ಕುಣಿಕೆ ಹಾಕಿದ್ದೀರಿ. ಇನ್ನೊಂದು ತುದಿ ಮರಳಲ್ಲಿ ಹೂತ ಪಿಕಪ್‌ಗೆ. ಪಿಕಪ್ ಪಕ್ಕ ಒಬ್ಬ ಹುಡುಗ ಮೊಬೈಲ್ ಹಿಡಿದು ನಿಂತಿದ್ದಾನೆ, ಸರಿಯಾಗಿ ಸ್ಟ್ರ್ಯಾಪ್‌ನ ನೇರಕ್ಕೆ. ಪಿಕಪ್ ಹೊರಗೆ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು, ಇಲ್ಲಿ ಕೆಳಗೆ ಒಬ್ಬರಾದ ಮೇಲೆ ಒಬ್ಬರು ಬೆಂಕಿ ಇಮೋಜಿ ಹಾಕಿದ್ದಾರೆ. ನೀವು ಕೇಳಿದ್ದು ಬೇರೆ. ಇದೇ 2013ರ ಕಯೆನ್ ಎಸ್‌ನಲ್ಲಿ ಎರಡು ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರ್) ಹೊತ್ತ ಟ್ರೇಲರ್ ಕಟ್ಟಿಕೊಂಡು ಯುಎಇ ಕರಾವಳಿಯ ಉಮ್ ಅಲ್ ಕುವೈನ್‌ಗೆ ಹೋಗಬಹುದಾ, ಮರುದಿನ ಬದಾಯರ್ ಕಡೆ ಮರುಭೂಮಿಯ ಮರಳಿಗೂ ಇಳಿಸಬಹುದಾ ಅಂತ. ಅದಕ್ಕೂ ಬರುತ್ತೇನೆ. ಮೊದಲು ಬಾಲ್.

ಇದೇ ಕೆಲಸ ನಾನು 2018ರ ಜನವರಿಯಲ್ಲಿ ಶಾರ್ಜಾದ ಮ್ಲೇಹಾ ಹತ್ತಿರ ಮಾಡಿದ್ದೆ. ಸ್ನೇಹಿತರ ಪಜೇರೋ ಮರಳು ದಿಬ್ಬಗಳ ನಡುವಿನ ಒಂದು ಬೌಲ್‌ನಲ್ಲಿ (ಬಟ್ಟಲಿನಂಥ ಗುಂಡಿ) ಚಾಸಿ ತನಕ ಕೂತಿತ್ತು. ನನ್ನದು ಅಮೆರಿಕದಿಂದ ಬಂದ 2011ರ ಕಯೆನ್ ಎಸ್, 400 ಕುದುರೆ, ತಲೆ ತುಂಬ ಗಾಳಿ. ಬಾಲ್ ಕಣ್ಣೆದುರಿಗೇ ಇತ್ತು, ಕುಣಿಕೆ ಹಾಕಿದೆ. ಮೊದಲ ಎಳೆತಕ್ಕೆ ಪಜೇರೋ ಅಲ್ಲಾಡಲಿಲ್ಲ. ಎರಡನೆಯದಕ್ಕೆ ಸ್ವಲ್ಪ ಅಲ್ಲಾಡಿತು. ಮೂರನೆಯ ಸಲ ಸ್ವಲ್ಪ ಜಾಸ್ತಿ ಓಟ ತೆಗೆದುಕೊಂಡೆ. ಡಬ್ ಅಂತ ಒಂದು ಸದ್ದು, ಆಮೇಲೆ ನನ್ನ ಗಾಡಿ ಹಗುರವಾಗಿ ಮುಂದೆ ಹೋಯಿತು. ಪಜೇರೋ ಬಂತು ಅಂದುಕೊಂಡೆ ಮಾರಾಯ್ರೆ. ಕನ್ನಡಿಯಲ್ಲಿ ನೋಡಿದರೆ ಅದು ಇದ್ದಲ್ಲೇ ಇದೆ, ಅದರ ಮುಂದಿನ ಗಾಜಿನಲ್ಲಿ ಎಡಗಡೆ ಸೀಟಿನ ಬದಿ ಮುಷ್ಟಿ ಗಾತ್ರದ ತೂತು. ಅದು ಡ್ರೈವರ್ ಬದಿ. ಸ್ಟೀರಿಂಗ್ ಹಿಡಿದಿದ್ದವರು ಚಕ್ರ ಎಷ್ಟು ತಿರುಗಿದೆ ಅಂತ ನೋಡಲು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ಅಷ್ಟೇ. ಬಾಲ್ ಹಿಂದಿನ ಸೀಟಿನ ಸ್ಪಂಜಿನೊಳಗೆ ಸಿಕ್ಕಿತು. ಮಕ್ಕಳು ಐದು ನಿಮಿಷ ಮೊದಲು ನೀರು ಕುಡಿಯಲು ಇಳಿದಿದ್ದರು. ಆ ಬಾಲ್ ಈಗಲೂ ನನ್ನ ಮೇಜಿನ ಮೇಲಿದೆ.

ಇದರ ಲೆಕ್ಕ ಸುಲಭ. ಬಾಲ್ ಮೇಲೆ ಕೊರೆದಿರುವ ಟನ್ ಸಂಖ್ಯೆ ಟ್ರೇಲರ್ ಅನ್ನು ನಿಧಾನಕ್ಕೆ, ಒಂದೇ ಸಮ ಎಳೆಯಲು ಇರುವುದು. ಸ್ನ್ಯಾಚ್ ಸ್ಟ್ರ್ಯಾಪ್ ನೈಲಾನ್, ತನ್ನ ಉದ್ದದ ಶೇ. 20ರಷ್ಟು ಹಿಗ್ಗುತ್ತದೆ. ಎರಡು ಟನ್ ದಾಟುವ ಗಾಡಿ ಓಡಿ ಬಂದು ಅದನ್ನು ಹಿಗ್ಗಿಸಿದರೆ ಬಾಲ್‌ನ ಕುತ್ತಿಗೆ ಮೇಲೆ ಬೀಳುವ ಜರ್ಕ್ ಆ ಸಂಖ್ಯೆಯನ್ನು ಎಲ್ಲೋ ದಾಟಿ ಹೋಗಿರುತ್ತದೆ. ಕುತ್ತಿಗೆ ತುಂಡಾದ ಕ್ಷಣಕ್ಕೆ ಅದು ಕವಣೆಯ ಕಲ್ಲು. ಹೋಗುವುದು ಹೂತ ಗಾಡಿಯ ಕಡೆಗೇ. ಆಸ್ಟ್ರೇಲಿಯಾದಲ್ಲಿ ಹೀಗೆ ಜನ ಸತ್ತಿದ್ದಾರೆ. ಊರಲ್ಲಿ ದೋಣಿ ದಡಕ್ಕೆ ಎಳೆಯುವಾಗ ಹಗ್ಗದ ನೇರಕ್ಕೆ ನಿಂತರೆ ಅಜ್ಜ ಬೈದು ಓಡಿಸುತ್ತಿದ್ದರು. ಇಲ್ಲಿ ನಾವು ಅದೇ ಜಾಗದಲ್ಲಿ ನಿಂತು ವಿಡಿಯೋ ಮಾಡುತ್ತೇವೆ.

ಹಾಗಾದರೆ ಎಲ್ಲಿಗೆ ಸಿಕ್ಕಿಸುವುದು? ನಿಮ್ಮದು ಅಮೆರಿಕದ ಗಾಡಿಯಾಗಿದ್ದು ಎರಡಿಂಚಿನ ಚೌಕ ರಿಸೀವರ್ (ಬಾಲ್ ಮೌಂಟ್ ತೂರಿಸುವ ಕೊಳವೆ) ಇದ್ದರೆ ಬಾಲ್ ಮೌಂಟ್ ಪೂರ್ತಿ ಎಳೆದು ತೆಗೆಯಿರಿ. ಆ ಜಾಗಕ್ಕೆ ರಿಕವರಿ ಹಿಚ್ (ಶ್ಯಾಕಲ್ ಸಿಕ್ಕಿಸುವ ಗಟ್ಟಿ ತುಂಡು) ಹಾಕಿ, ಅದಕ್ಕೆ 4.75 ಟನ್ ಅಂತ ಅಚ್ಚಾಗಿರುವ ಬೋ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಉಕ್ಕಿನ ಕೊಂಡಿ). ಅಚ್ಚೇ ಇಲ್ಲದ ಹೊಳೆಯುವ ಶ್ಯಾಕಲ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ಕೀ ಬಂಚ್‌ಗೆ ಹಾಕಿಕೊಳ್ಳಿ. ರಿಕವರಿ ಹಿಚ್ ಇಲ್ಲದಿದ್ದರೆ ಕುಣಿಕೆಯನ್ನೇ ರಿಸೀವರ್ ಒಳಗೆ ತೂರಿಸಿ ಹಿಚ್ ಪಿನ್ ಹಾಕಬಹುದು. ಪಿನ್ ಬಗ್ಗಿ ಒಳಗೇ ಸಿಕ್ಕಿಕೊಂಡರೆ ನನ್ನನ್ನು ಬೈಯಬೇಡಿ. ಬಾಲ್ ಹಾರುವುದಕ್ಕಿಂತ ಅದು ವಾಸಿ. ನಿಮ್ಮದು ಯುರೋಪ್ ಮಾದರಿಯ ಹಂಸದ ಕುತ್ತಿಗೆಯಂಥ ಬಾಲ್ ಆಗಿದ್ದರೆ, ವಿಡಿಯೋದಲ್ಲಿ ಹಾಗೇ ಕಾಣುತ್ತದೆ, ನೀವು ಸ್ನ್ಯಾಚ್ ಕೆಲಸಕ್ಕೆ ಇಳಿಯಲೇಬೇಡಿ. ಪಕ್ಕದಲ್ಲಿ ನಿಸ್ಸಾನ್ ಪ್ಯಾಟ್ರೋಲ್ ಅಥವಾ ಲ್ಯಾಂಡ್ ಕ್ರೂಸರ್ ಇದ್ದರೆ ಎಳೆಯುವ ಕೆಲಸ ಅವರದು. ಟೂಲ್ ಕಿಟ್‌ನಲ್ಲಿ ಬರುವ ತಿರುಪಿನ ಟೋ ಐ (ಬಂಪರ್‌ಗೆ ತಿರುಗಿಸಿ ಹಾಕುವ ಬಳೆ) ಇದೆಯಲ್ಲ, ಅದು ಕೆಟ್ಟ ಗಾಡಿಯನ್ನು ಟಾರಿನ ಮೇಲೆ ಮೆಲ್ಲಗೆ ಎಳೆಯಲು ಇರುವುದು. ನೇರಕ್ಕೆ ಎಳೆದರೆ ತಡೆಯುತ್ತದೆ, ಓರೆಗೆ ಎಳೆದರೆ ಬಗ್ಗುತ್ತದೆ. ಕೊನೆಯ ಸುತ್ತಿನ ತನಕ ಬಿಗಿ ಮಾಡಿ. ಪೋರ್ಷೆಯೂ ಸೇರಿರುವ ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಗಾಡಿಗಳಲ್ಲಿ ಅದರ ಥ್ರೆಡ್ ಉಲ್ಟಾ ಇರುತ್ತದೆ. ಹೋಗುತ್ತಿಲ್ಲ ಅಂತ ಸುತ್ತಿಗೆಯಲ್ಲಿ ಬಡಿದವರನ್ನೂ ಕಂಡಿದ್ದೇನೆ.

ಇನ್ನು "ವಿಮಾನ ಎಳೆದ ಗಾಡಿ ಸ್ವಾಮಿ ಇದು" ಅಂತ ನೀವು ಬರೆದಿದ್ದೀರಿ. ನಿಜ, 2017ರಲ್ಲಿ ಪ್ಯಾರಿಸ್ ಏರ್‌ಪೋರ್ಟ್‌ನಲ್ಲಿ ಕಯೆನ್ ಎಸ್ ಡೀಸೆಲ್ 285 ಟನ್ನಿನ ಎ380 ವಿಮಾನವನ್ನು 42 ಮೀಟರ್ ಎಳೆಯಿತು. ಗಟ್ಟಿ ನೆಲ, ಸಮತಟ್ಟು ಜಾಗ, ಗಾಳಿ ತುಂಬಿದ ಚಕ್ರಗಳ ಮೇಲೆ ಉರುಳುವ ವಿಮಾನ, ಅದಕ್ಕೆಂದೇ ಮಾಡಿದ ಟೋ ಜೋಡಣೆ. ಅದಕ್ಕೂ ಮೊದಲು 2006ರಲ್ಲಿ ಇದರ ಅಣ್ಣತಮ್ಮ ಫೋಕ್ಸ್‌ವ್ಯಾಗನ್ ಟೂವಾರೆಗ್ ಬೋಯಿಂಗ್ 747 ವಿಮಾನ ಎಳೆದಾಗ ಗಾಡಿಯೊಳಗೆ ಟನ್‌ಗಟ್ಟಲೆ ಉಕ್ಕು ತುಂಬಿದ್ದರು, ಟೈರ್ ನೆಲ ಕಚ್ಚಲಿ ಅಂತ. ಎಂಜಿನ್ನಿಗೆ ತಾಕತ್ತಿತ್ತು, ಹಿಡಿತ ಸಾಲುತ್ತಿರಲಿಲ್ಲ. ನಮ್ಮ ಮರಳಿನಲ್ಲೂ ಅದೇ ಕಥೆ. 400 ಕುದುರೆ ಇದ್ದರೆ ನಾಲ್ಕು ಗುಂಡಿ ಬೇಗ ತೋಡಬಹುದು, ಅಷ್ಟೇ.

ಆ ದಿನ ಕೊನೆಗೆ ಪಜೇರೋ ಹೇಗೆ ಹೊರಗೆ ಬಂತು ಗೊತ್ತಾ? ಹಗ್ಗವೇ ಇಲ್ಲದೆ. ಬಾಲ್ ಹಾರಿದ ಮೇಲೆ ಯಾರಿಗೂ ಎಳೆಯುವ ಧೈರ್ಯ ಉಳಿದಿರಲಿಲ್ಲ. ನಾಲ್ಕು ಜನ ಕೂತು ಇಪ್ಪತ್ತು ನಿಮಿಷ ಮರಳು ತೆಗೆದೆವು. ಚಕ್ರದ ಮುಂದೆ ಅಲ್ಲ, ಹೊಟ್ಟೆಯ ಕೆಳಗೆ. ಗಾಡಿಯ ಭಾರ ಹೊಟ್ಟೆ ಮೇಲೆ ಕೂತಿರುವಾಗ ಚಕ್ರ ಎಷ್ಟು ತಿರುಗಿದರೇನು? ಆಮೇಲೆ ಟೈರಿನ ಗಾಳಿ 18ರಿಂದ 12 ಪಿಎಸ್‌ಐಗೆ ಇಳಿಸಿದೆವು. ಚಕ್ರ ನೇರ ಮಾಡಿ, ಬಂದ ಗಾಲಿ ಗುರುತಿನಲ್ಲೇ ರಿವರ್ಸ್. ಮೆಲ್ಲಗೆ ಹೊರಟೇ ಬಿಟ್ಟಿತು. ಅಂದರೆ ಆ ಮೂರು ಎಳೆತ, ಆ ಗಾಜು, ಎಲ್ಲ ಸುಮ್ನೆ ಆದದ್ದು. ಅವತ್ತಿನಿಂದ ನನ್ನ ಕ್ರಮ ಇದೇ: ಮೊದಲು ಸಲಿಕೆ, ಆಮೇಲೆ ಗಾಳಿ, ಆಮೇಲೆ ರಿವರ್ಸ್, ಆಮೇಲೆ ಚಕ್ರದ ಕೆಳಗೆ ಇಡುವ ಟ್ರ್ಯಾಕ್ ಹಲಗೆ. ಹಗ್ಗ ಕೊನೆಗೆ. ಗುಂಪಿನವರು ನನಗೆ ಸಲಿಕೆ ಭಟ್ರು ಅಂತ ಹೆಸರಿಟ್ಟಿದ್ದಾರೆ. ಇಡಲಿ. ಈ ಏಳೆಂಟು ವರ್ಷದಲ್ಲಿ ಹಗ್ಗ ಬಿಚ್ಚಿದ್ದು ಬೆರಳೆಣಿಕೆಯಷ್ಟು ಸಲ. ಬಿಚ್ಚಿದಾಗಲೂ ಸ್ಟ್ರ್ಯಾಪ್ ಮಧ್ಯೆ ಒದ್ದೆ ಚಾಪೆ ಅಥವಾ ಭಾರದ ಚೀಲ ಹಾಕುತ್ತೇನೆ, ಸ್ಟ್ರ್ಯಾಪ್‌ನ ಒಂದೂವರೆ ಉದ್ದದಷ್ಟು ದೂರ ಎಲ್ಲರನ್ನೂ ಬದಿಗೆ ಓಡಿಸುತ್ತೇನೆ. ಮೊಬೈಲ್ ಹಿಡಿದವರನ್ನು ಇನ್ನೂ ದೂರ.

ಈಗ ನಿಮ್ಮ ಟ್ರೇಲರ್. ಕಯೆನ್ 3,500 ಕೆಜಿ ಎಳೆಯುತ್ತದೆ ಅಂತ ಎಲ್ಲರೂ ಹೇಳುವುದು ಬ್ರೇಕ್ ಇರುವ ಟ್ರೇಲರ್‌ಗೆ. ಬ್ರೇಕ್ ಇಲ್ಲದ್ದಕ್ಕೆ 750 ಕೆಜಿ. ಜೆಟ್ ಸ್ಕೀ ಒಂದಕ್ಕೆ 350 ಕೆಜಿ ಅಂದುಕೊಳ್ಳಿ, ಟ್ಯಾಂಕ್ ತುಂಬಿದರೆ 400 ಹತ್ತಿರ. ಎರಡಕ್ಕೆ 800. ಟ್ರೇಲರ್‌ದೇ 250. ಸಾವಿರ ದಾಟಿತು ಅಲ್ವಾ? ನಿಮ್ಮ ಫೋಟೋದ ಟ್ರೇಲರ್‌ನಲ್ಲಿ ನನಗೆ ಬ್ರೇಕ್ ಕಾಣಲಿಲ್ಲ. ಎಂಜಿನ್ ಅದನ್ನು ಗಮನಿಸುವುದೂ ಇಲ್ಲ, ಹಾಗಾಗಿ ನಿಮಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮುಂದಿನವನು ಹಠಾತ್ತನೆ ನಿಂತಾಗ. ಒಂದು ಸ್ಕೀ ಬಿಟ್ಟು ಹೋಗಿ, ಇಲ್ಲ ಬ್ರೇಕ್ ಇರುವ ಟ್ರೇಲರ್ ಬಾಡಿಗೆಗೆ ತನ್ನಿ. ಸ್ಕೀಗಳನ್ನು ಎಷ್ಟು ಮುಂದೆ ಕೂರಿಸಿದ್ದೀರಿ ಅನ್ನುವುದನ್ನೂ ನೋಡಿ. ಮೂತಿ ಹಗುರವಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಆಗ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರ ಹಿಡಿಯಿರಿ.

ರ‍್ಯಾಂಪ್‌ನಲ್ಲಿ ಇನ್ನೊಂದು. ಹೆದ್ದಾರಿಯಿಂದ ಬಂದ ಕೂಡಲೇ ಟ್ರೇಲರ್ ನೀರಿಗೆ ಇಳಿಸಬೇಡಿ. ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಉಪ್ಪು ನೀರನ್ನು ಒಳಗೆ ಹೀರಿಕೊಳ್ಳುತ್ತದೆ, ಬೇರಿಂಗ್ ಕತೆ ಮುಗಿಯಿತು. ಕೈ ಇಟ್ಟು ನೋಡಿ, ಒಂದು ಚಹಾ ಕುಡಿಯಿರಿ, ಆಮೇಲೆ ಇಳಿಸಿ. ವಾಪಸ್ ಬಂದು ಸಿಹಿ ನೀರಲ್ಲಿ ತೊಳೆಯಿರಿ, ಗಾಡಿಯ ಹಿಂಭಾಗದ ಅಡಿಯನ್ನೂ ಸೇರಿಸಿ. ಪಾಚಿ ಹಿಡಿದ ರ‍್ಯಾಂಪ್‌ನಲ್ಲಿ ಕಯೆನ್‌ನ ಹಿಂದಿನ ಚಕ್ರ ನೀರು ಮುಟ್ಟುವ ತನಕ ಹೋಗುವುದು ಬೇಡ.

ಮರಳಿಗೆ ಟ್ರೇಲರ್ ಸಮೇತ ಇಳಿಯುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಟಾರಿನ ಮೇಲೆ ಹಗುರವಾಗಿ ಉರುಳುವ ಸಾವಿರ ಕೆಜಿ ಮರಳಲ್ಲಿ ನೇಗಿಲು.

ಗಾಡಿ ಮಾತ್ರ ಇಳಿಸುವುದಾದರೆ ಮೊದಲ ಶತ್ರು ನಿಮ್ಮ 21 ಇಂಚಿನ ವೀಲ್. 295/35 ಅಂದರೆ ಟೈರಿನ ಗೋಡೆ 10 ಸೆಂಟಿಮೀಟರ್ ಚಿಲ್ಲರೆ. ಅದರ ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿ ಇಳಿಜಾರಿನಲ್ಲಿ ತಿರುಗಿಸಿದರೆ ರಿಮ್ ಬಿಟ್ಟು ಹೊರಬರುತ್ತದೆ, ಅಥವಾ ರಿಮ್ಮೇ ಏಟು ತಿನ್ನುತ್ತದೆ. ಕಯೆನ್ ಎಸ್‌ಗೆ ಕಂಪನಿಯೇ 255/55ರ 18 ಇಂಚು ಕೊಡುತ್ತಿತ್ತು, ಗೋಡೆ 14 ಸೆಂಟಿಮೀಟರ್. ಹಳೆಯ 18ರ ಸೆಟ್ ಹುಡುಕಿ ಮರಳಿಗೆಂದೇ ಇಟ್ಟುಕೊಳ್ಳಿ. ನೋಡಲು ಚೆಂದ ಇಲ್ಲ ಅನ್ನುವವರು ಮನೆಯಲ್ಲೇ ಇರಲಿ. ಕಯೆನ್ ಟರ್ಬೋ ಇರುವವರು ಕೊಳ್ಳುವ ಮೊದಲು ಹಾಕಿ ನೋಡಿ, ಅದರ ಬ್ರೇಕ್ ದೊಡ್ಡದು. 21ರಲ್ಲೇ ಹೋಗುತ್ತೇನೆ ಅಂತ ಹಟ ಮಾಡಿದರೆ ಗಾಳಿ 20 ಪಿಎಸ್‌ಐಗಿಂತ ಕೆಳಗೆ ಇಳಿಸಬೇಡಿ, ದಿಬ್ಬ ಹತ್ತುವ ಆಟವೂ ಬೇಡ.

ನಿಮ್ಮ ಮಾಡೆಲ್‌ನಲ್ಲಿ ಲೋ ರೇಂಜ್ (ನಿಧಾನಕ್ಕೆ ಜೋರಾಗಿ ಎಳೆಯುವ ಗೇರ್) ಇಲ್ಲ, 2010ರ ತನಕದ ಹಳೆಯದರಲ್ಲಿ ಮಾತ್ರ ಇತ್ತು. ಪೆಟ್ರೋಲ್ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ ಶಕ್ತಿ ಹೋಗುವುದು ಕ್ಲಚ್ ಪ್ಯಾಕ್ ಮೂಲಕ. ಮೆತ್ತನೆ ಮರಳಲ್ಲಿ ಒತ್ತಿ ಒತ್ತಿ ಓಡಿಸಿದರೆ ಅದೂ ಬಿಸಿ, ಗೇರ್‌ಬಾಕ್ಸೂ ಬಿಸಿ. ಆಫ್‌ರೋಡ್ ಸ್ವಿಚ್ ಒತ್ತಿ, ಪಿಎಸ್‌ಎಂ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಿ. ಇಲ್ಲದಿದ್ದರೆ ದಿಬ್ಬದ ಅರ್ಧದಲ್ಲಿ ಕಂಪ್ಯೂಟರ್ ಶಕ್ತಿ ಕಿತ್ತುಕೊಳ್ಳುತ್ತದೆ, ನೀವು ಹೂತು ಹೋಗುತ್ತೀರಿ. ಎರಡನೇ ಗೇರ್‌ನಲ್ಲಿ ಒಂದೇ ಸಮ ಓಡಿಸಿ. ಅರ್ಧ ಗಂಟೆಗೊಮ್ಮೆ ನಿಂತು ಎಸಿ ಆಫ್ ಮಾಡಿ ಎಂಜಿನ್ ಓಡುತ್ತಿರಲಿ. ಬಿಸಿಯಾಗಿದೆ ಅಂತ ತಟ್ಟನೆ ಆಫ್ ಮಾಡುವುದು ತಪ್ಪು, ಆಗ ಫ್ಯಾನೂ ಪಂಪೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಜೂನ್-ಜುಲೈಯಲ್ಲಂತೂ ಹೋಗಲೇಬೇಡಿ.

ಗಾಳಿ ತುಂಬುವ ಕಂಪ್ರೆಸರ್ ತಂದು ಬಾನೆಟ್ ಎತ್ತಿ ಬ್ಯಾಟರಿ ಹುಡುಕುವವರಿಗೆ: ಅದು ಮುಂದಿನ ಎಡ ಸೀಟಿನ ಕೆಳಗಿದೆ. ಬಾನೆಟ್ ಒಳಗೆ ಜಂಪ್ ಸ್ಟಾರ್ಟ್ ಟರ್ಮಿನಲ್ ಇದೆ, ಕ್ಲಿಪ್ ಅಲ್ಲಿಗೆ ಹಾಕಿ. ಸಿಗರೇಟ್ ಸಾಕೆಟ್‌ಗೆ ದೊಡ್ಡ ಕಂಪ್ರೆಸರ್ ಹಾಕಿದರೆ ಫ್ಯೂಸ್ ಹೋಗುತ್ತದೆ. ಏರ್ ಸಸ್ಪೆನ್ಷನ್ ಇದ್ದರೆ ಜಾಕ್ ಕೊಡುವ ಮೊದಲು ಲೆವೆಲ್ ಕಂಟ್ರೋಲ್ ಆಫ್ ಮಾಡಿ. ಕೆಲವು ಗಾಡಿಗಳಲ್ಲಿ ಮಡಚಿದ ಸ್ಪೇರ್ ಟೈರ್ ಬರುತ್ತದೆ, ಗಾಳಿ ತುಂಬಿದ ಮೇಲೇ ಅದು ಟೈರ್. ಜಾಕ್ ಕೆಳಗೆ ಇಡಲು ಒಂದು ಹಲಗೆಯೂ ಇರಲಿ. ಮುಂದಿನ ಬಂಪರ್‌ನ ಕೆಳತುಟಿ ಮೊದಲ ದಿನವೇ ಸಡಿಲವಾಗುತ್ತದೆ, ಕೇಬಲ್ ಟೈ ಒಂದು ಕಟ್ಟು ಹಾಕಿಕೊಳ್ಳಿ. ಅಬುಧಾಬಿಯ ಲಿವಾ ಕಡೆ ಹೋಗುವಾಗ ಬಿಳಿ ಸಬ್ಖಾ (ಉಪ್ಪಿನ ಬಯಲು) ಕಂಡರೆ ಹಳೆಯ ಗಾಲಿ ಗುರುತು ಬಿಟ್ಟು ಆಚೀಚೆ ಹೋಗಬೇಡಿ. ಮೇಲೆ ಉಪ್ಪಿನ ಹಪ್ಪಳ, ಕೆಳಗೆ ಕೆಸರು. ಅಲ್ಲಿ ನನ್ನ ಸಲಿಕೆಯೂ ನಡೆಯುವುದಿಲ್ಲ.

ಸ್ಟ್ರ್ಯಾಪ್ ಯಾವ ಬ್ರ್ಯಾಂಡ್ ಅಂತ ಇನ್ನೊಬ್ಬರು ಕೇಳಿದ್ದರು. ಬ್ರ್ಯಾಂಡ್‌ಗಿಂತ ಲೇಬಲ್ ನೋಡಿ. 9 ಮೀಟರ್, 8 ಟನ್, ನೈಲಾನ್ ಅಂತ ಇರಬೇಕು. ಪಾಲಿಯೆಸ್ಟರ್ ಟೋ ಸ್ಟ್ರ್ಯಾಪ್ ಹಿಗ್ಗುವುದಿಲ್ಲ, ಅದರಲ್ಲಿ ಜರ್ಕ್ ಕೊಟ್ಟರೆ ಏನಾದರೂ ಒಂದು ಕಿತ್ತು ಬರುತ್ತದೆ. ಎರಡು ಸ್ಟ್ರ್ಯಾಪ್ ಜೋಡಿಸಲು ನಡುವೆ ಶ್ಯಾಕಲ್ ಹಾಕುವವರು ದಯವಿಟ್ಟು ನಮ್ಮ ಗಾಡಿಗಳಿಂದ ದೂರ ನಿಲ್ಲಿ.

ಬರುವ ಶನಿವಾರ ಬೆಳಗ್ಗೆ ಆರಕ್ಕೆ ನಾವು ಮೂರು ಗಾಡಿ ಬದಾಯರ್‌ಗೆ ಹೋಗುತ್ತಿದ್ದೇವೆ. ನೀವೂ ಬನ್ನಿ, ಒಬ್ಬರೇ ಹೋಗಬೇಡಿ. ಸಲಿಕೆ ನನ್ನ ಹತ್ತಿರ ಎರಡಿವೆ, ಅಚ್ಚಿರುವ ಶ್ಯಾಕಲ್ ಒಂದು ಜಾಸ್ತಿ ಇದೆ, ತರುತ್ತೇನೆ. ಟ್ರೇಲರ್ ಮನೆಯಲ್ಲಿರಲಿ. ಆ ಬಾಲ್ ಬಿಚ್ಚಲು ಬರುವಂಥದ್ದಾದರೆ ಅದೂ ಮನೆಯಲ್ಲೇ ಇರಲಿ.