ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ?

ಪ್ರಶ್ನೆ: ಆರೋಗ್ಯ ಜಾಗೃತಿಯ ಕರಪತ್ರಗಳನ್ನು ಬರೆದುಕೊಡುವುದು ನನ್ನ ಕೆಲಸ. "ಅಪಾಯ ಎರಡು ಪಟ್ಟಾಗುತ್ತದೆ" ಎಂದರೆ ಜನ ಎಚ್ಚೆತ್ತುಕೊಳ್ಳುತ್ತಾರೆ, ಅಂಕಿಗಳನ್ನು ಬಿಡಿಸಿ ಹೇಳಹೊರಟರೆ ಓದುವುದನ್ನೇ ನಿಲ್ಲಿಸುತ್ತಾರೆ ಎಂಬುದು ಸಹೋದ್ಯೋಗಿಗಳ ವಾದ. ಇದು ಸರಿಯೇ?

ಉತ್ತರ: ಜನ ಎಚ್ಚೆತ್ತುಕೊಳ್ಳುವುದು ನಿಜ, ಆದರೆ ಎಷ್ಟು ಎಚ್ಚರ ಬೇಕು ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ಲಕ್ಷದಲ್ಲಿ ಒಬ್ಬರಿಗೆ ಬರುತ್ತಿದ್ದ ಕಾಯಿಲೆ ಇಬ್ಬರಿಗೆ ಬಂದರೂ ಎರಡು ಪಟ್ಟೇ, ನೂರರಲ್ಲಿ ಇಪ್ಪತ್ತು ಮಂದಿಗೆ ಬರುತ್ತಿದ್ದದ್ದು ನಲವತ್ತು ಮಂದಿಗೆ ಬಂದರೂ ಎರಡು ಪಟ್ಟೇ.

ಇದರ ಪರಿಣಾಮ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬ್ರಿಟನ್ನಿನ ಪ್ರಸಂಗವೊಂದಿದೆ. ಕೆಲವು ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ಅಲ್ಲಿನ ಔಷಧ ಸುರಕ್ಷತಾ ಸಮಿತಿ 1995ರ ಅಕ್ಟೋಬರಿನಲ್ಲಿ ಎಚ್ಚರಿಸಿತು. ಹಳೆಯ ಮಾತ್ರೆ ಸೇವಿಸುವ 7,000 ಮಹಿಳೆಯರಲ್ಲಿ ಸುಮಾರು ಒಬ್ಬರಿಗೆ ಈ ತೊಂದರೆಯಾಗುತ್ತಿದ್ದರೆ ಹೊಸ ಮಾತ್ರೆಯಲ್ಲಿ ಸುಮಾರು ಇಬ್ಬರಿಗೆ ಆಗುತ್ತಿತ್ತು, ಅಷ್ಟೇ. ಆದರೆ ಸುದ್ದಿಯಾಗಿ ಹರಡಿದ್ದು "ಎರಡು ಪಟ್ಟು" ಮಾತ್ರ. ಗಾಬರಿಗೊಂಡ ಅನೇಕರು ಮಾತ್ರೆಯನ್ನೇ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚುವರಿಯಾಗಿ ನಡೆದವು. ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಳಿಗಿಂತ ಗರ್ಭಧಾರಣೆಯಲ್ಲೇ ಹೆಚ್ಚು ಎಂಬುದನ್ನು ನೆನೆದರೆ, ಆ ಎಚ್ಚರಿಕೆ ಕೆಲವರನ್ನು ಇನ್ನೂ ದೊಡ್ಡ ಅಪಾಯದ ಕಡೆಗೇ ತಳ್ಳಿತೆನ್ನಬೇಕು.

ಹಾಗೆಂದು ಅಂಕಿಗಳ ರಾಶಿ ಸುರಿಯಬೇಕಾಗಿಲ್ಲ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ (ಸಾಸೇಜ್, ಬೇಕನ್‌ನಂಥದ್ದು) ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ತಿಳಿಸಿತು. ಕರಪತ್ರದಲ್ಲಿ ಇದನ್ನು ಹೀಗೆ ಬರೆಯಬಹುದು: "ಜೀವಮಾನದಲ್ಲಿ 100 ಮಂದಿಯಲ್ಲಿ 6 ಮಂದಿಗೆ ಈ ಕಾಯಿಲೆ ಬರುವ ಕಡೆ, ಎಲ್ಲರೂ ದಿನವೂ ಇಷ್ಟು ತಿಂದರೆ ಸುಮಾರು 7 ಮಂದಿಗೆ ಬರುತ್ತದೆ." ಒಂದೇ ವಾಕ್ಯದಲ್ಲಿ ಮೂಲ ಪ್ರಮಾಣ, ಹೆಚ್ಚಳ, ಅವಧಿ ಮೂರೂ ಬಂದವು. ಅವಧಿಯನ್ನಂತೂ ಬಿಡಲೇಬಾರದು, ಒಂದು ವರ್ಷದ ಅಪಾಯವೋ ಜೀವಮಾನದ್ದೋ ತಿಳಿಯದಿದ್ದರೆ ಉಳಿದ ಅಂಕಿಗಳಿಗೆ ಬೆಲೆಯಿಲ್ಲ.

ಹೋಲಿಸುವಾಗ ಒಟ್ಟು ಸಂಖ್ಯೆ ಒಂದೇ ಇರಲಿ. "25ರಲ್ಲಿ ಒಬ್ಬರು", "200ರಲ್ಲಿ ಒಬ್ಬರು" ಎಂದು ಅಕ್ಕಪಕ್ಕ ಬರೆದರೆ 200 ಎಂಬ ದೊಡ್ಡ ಅಂಕಿಯೇ ದೊಡ್ಡ ಅಪಾಯವೆಂದು ಭಾವಿಸುವವರು ಕಡಿಮೆಯಿಲ್ಲ. "1,000ದಲ್ಲಿ 40", "1,000ದಲ್ಲಿ 5" ಎಂದರೆ ಗೊಂದಲವಿಲ್ಲ. ಲಾಭವನ್ನು ಶೇಕಡಾವಾರು ಹೆಚ್ಚಿಸಿ ತೋರಿಸಿ, ಅಡ್ಡಪರಿಣಾಮವನ್ನು ಮಾತ್ರ "ಹತ್ತು ಸಾವಿರದಲ್ಲಿ ಒಬ್ಬರಿಗೆ" ಎಂದು ಸಣ್ಣದಾಗಿಸುವ ಚಾಳಿಯೂ ಇದೆ. ಇದನ್ನು ನಾನು ಜಾಣತನವೆಂದಲ್ಲ, ಮೋಸವೆಂದೇ ಕರೆಯುತ್ತೇನೆ.

ಪ್ರಶ್ನೆ: ಲಸಿಕೆ ಶೇ 95ರಷ್ಟು ಪರಿಣಾಮಕಾರಿ ಎಂದರೆ, ಹಾಕಿಸಿಕೊಂಡ ನೂರರಲ್ಲಿ ಐವರಿಗೆ ಕಾಯಿಲೆ ಬರುತ್ತದೆ ಎಂದೇ?

ಉತ್ತರ: ಅಲ್ಲ. ಫೈಜರ್ ಕಂಪನಿಯ ಕೋವಿಡ್ ಲಸಿಕೆಯ 2020ರ ಪ್ರಯೋಗವನ್ನೇ ನೋಡಿ. ಲೆಕ್ಕಕ್ಕೆ ತೆಗೆದುಕೊಂಡ ಎರಡು ಗುಂಪುಗಳಲ್ಲಿ ತಲಾ 18,000ಕ್ಕೂ ಹೆಚ್ಚು ಜನರಿದ್ದರು. ಲಸಿಕೆಯಿಲ್ಲದ ಚುಚ್ಚುಮದ್ದು ಪಡೆದವರಲ್ಲಿ 162 ಮಂದಿಗೆ ಕಾಯಿಲೆ ಬಂದಿತು, ಲಸಿಕೆ ಪಡೆದವರಲ್ಲಿ 8 ಮಂದಿಗೆ. 162 ಇದ್ದದ್ದು 8ಕ್ಕೆ ಇಳಿಯಿತು. ಶೇ 95 ಎಂಬುದು ಆ ಇಳಿಕೆಯ ಪ್ರಮಾಣ. ನೂರರಲ್ಲಿ ಐವರಿಗೆ ಎಂಬುದು ನಿಜವಾಗಿದ್ದರೆ ಆ ಗುಂಪಿನಲ್ಲಿ 900 ಮಂದಿ ಕಾಯಿಲೆ ಬೀಳಬೇಕಿತ್ತು.

ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ಎಂದು ಬರೆಯಿರಿ ಎಂಬ ಮೊದಲ ಉತ್ತರಕ್ಕೆ ಇಲ್ಲಿ ಒಂದು ತಿದ್ದುಪಡಿಯೂ ಬೇಕು. 18,000ದಲ್ಲಿ 162 ಎಂದರೆ ನೂರಕ್ಕೆ ಒಬ್ಬರೂ ಇಲ್ಲ, ಹಾಗಾದರೆ ಲಸಿಕೆಯೇಕೆ ಎಂದು ಕೇಳುವವರಿದ್ದಾರೆ. ಆದರೆ ಅದು ಎರಡನೆಯ ಡೋಸಿನ ನಂತರದ ಸುಮಾರು ಎರಡು ತಿಂಗಳ ಲೆಕ್ಕ. ಸೋಂಕು ಹೆಚ್ಚು ಹರಡಿದರೆ, ಅವಧಿ ಉದ್ದವಾದರೆ ಆ ಅಂಕಿ ಏರುತ್ತದೆ. ಆದ್ದರಿಂದ ಲಸಿಕೆಯ ವಿಷಯದಲ್ಲಿ ಇಳಿಕೆಯ ಶೇಕಡಾವಾರು, ಎರಡೂ ಗುಂಪುಗಳಲ್ಲಿ ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ಕಾಯಿಲೆ ಬಂದಿತೆಂಬ ಲೆಕ್ಕ, ಗಮನಿಸಿದ ಅವಧಿ ಇವುಗಳನ್ನು ಒಟ್ಟಿಗೇ ಕೊಡಬೇಕು.