ಲೈಬ್ರರಿಯ ಇ-ಪುಸ್ತಕ 14 ದಿನಕ್ಕೆ ಯಾಕೆ ಮುಚ್ಚಿಕೊಳ್ಳುತ್ತದೆ?

ಲೈಬ್ರರಿಯಿಂದ ತಗೊಂಡ ಇ-ಪುಸ್ತಕ ಫೋನಿನಲ್ಲೇ ಇದ್ದರೂ 14 ದಿನ ಆದ ಮೇಲೆ ಯಾಕೆ ತೆರೆಯುವುದಿಲ್ಲ, ಅಕ್ಕನಿಗೆ ಕಳಿಸಿದರೂ ಅವರ ಫೋನಿನಲ್ಲಿ ಯಾಕೆ ಓದೋಕಾಗಲ್ಲ ಅಂತ ಕೇಳಿದ್ದೀರಿ. ನಿಮ್ಮ ಫೋನಿನ ತಪ್ಪಲ್ಲ. ಪುಸ್ತಕಕ್ಕೆ ಸಾಫ್ಟ್‌ವೇರ್ ಬೀಗ ಹಾಕಿರುತ್ತಾರೆ. ಅದನ್ನೇ ಡಿಆರ್‌ಎಂ (ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್) ಅನ್ನುವುದು.

ಅಡೋಬಿ ಅನ್ನೋ ಸಾಫ್ಟ್‌ವೇರ್ ಕಂಪನಿಯ ಬೀಗ ಬಳಸುವ ಲೈಬ್ರರಿಗಳಲ್ಲಿ ಮೊದಲು ಡೌನ್‌ಲೋಡ್ ಆಗುವುದು ಪುಸ್ತಕವೇ ಅಲ್ಲ. ಎಸಿಎಸ್‌ಎಂ ಅನ್ನೋ ಒಂದು ಪುಟ್ಟ ಫೈಲು, ಚೀಟಿ ಇದ್ದ ಹಾಗೆ. ಅದನ್ನು ತೋರಿಸಿದ ಮೇಲೆ ಆ್ಯಪ್ ನಿಜವಾದ ಪುಸ್ತಕ ತರುತ್ತದೆ. ಬೀಗದ ಕೈ ನಿಮ್ಮ ಅಡೋಬಿ ಐಡಿಗೆ, ಅಂದರೆ ಅಲ್ಲಿನ ನಿಮ್ಮ ಖಾತೆಗೆ, ಸೇರಿದ್ದು, ಕೊನೆಯ ದಿನಾಂಕವೂ ಜೊತೆಗೇ ಬಂದಿರುತ್ತದೆ. ಅಕ್ಕನಿಗೆ ಹೋಗಿದ್ದು ಬೀಗ ಹಾಕಿದ ಪೆಟ್ಟಿಗೆ ಮಾತ್ರ.

ನನಗೆ ಇದು ಅರ್ಥವಾಗಿದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ಜುಲೈ ಮಳೆಯಲ್ಲಿ. ಅಕ್ಷರ ದೊಡ್ಡದು ಮಾಡಿಕೊಂಡು ಓದಲಿ ಅಂತ ಅಮ್ಮನಿಗೆ ಟ್ಯಾಬಿನಲ್ಲಿ ಒಂದು ಪ್ರವಾಸದ ಪುಸ್ತಕ ಹಾಕಿಕೊಟ್ಟಿದ್ದೆ. ಲೈನಿನ ಮೇಲೆ ಮರ ಬಿದ್ದು ಐದು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ಸಂಜೆ ಅಮ್ಮ ಬಚ್ಚಲೊಲೆ ಮುಂದೆ ಕೂತು, ಕನ್ನಡಕ ಒರೆಸಿಕೊಂಡು ತೆರೆದರೆ, ಅವಧಿ ಮುಗಿದಿದೆ! ಮೂವತ್ತು ಪುಟ ಬಾಕಿ ಇತ್ತು. ಸಿಗ್ನಲ್ ಸಿಗೋದು ದರೆ ಮೇಲೆ ಮಾತ್ರ. ಕೊಡೆ ಹಿಡಿದು ಹತ್ತಿ ನೋಡಿದರೆ ಪುಸ್ತಕ ಆಗಲೇ ಬೇರೆಯವರ ಪಾಲಾಗಿತ್ತು. "ಮತ್ತೆ ಬರೋ ಹೊತ್ತಿಗೆ ಹಿಂದಿಂದು ಮರೆತಿರ್ತದೆ, ಬಿಡು" ಅಂದರು ಅಮ್ಮ. ಕಾಗದದ ಪುಸ್ತಕ ಆಗಿದ್ದರೆ ದಂಡ ಕಟ್ಟಿ ಮುಗಿಸಬಹುದಿತ್ತು, ಅಲ್ವಾ?

ಒಂದು ಪ್ರತಿಯನ್ನು ಒಂದು ಸಲಕ್ಕೆ ಒಬ್ಬರಿಗೇ ಕೊಡಬೇಕು ಅನ್ನುವ ಪರವಾನಗಿ ಸಾಮಾನ್ಯ. ಬರೆದವರಿಗೆ ಹಣ ಸಿಗಬೇಕು, ಅದು ನ್ಯಾಯವೇ. ಆದರೆ 2011ರಲ್ಲಿ ಹಾರ್ಪರ್‌ಕಾಲಿನ್ಸ್ ಅನ್ನೋ ಪ್ರಕಾಶನ ಸಂಸ್ಥೆ ಲೈಬ್ರರಿಗಳಿಗೆ ಹಾಕಿದ ಷರತ್ತು ನೋಡಿ: ಒಂದು ಇ-ಪುಸ್ತಕ 26 ಸಲ ಎರವಲು ಹೋದ ಮೇಲೆ ಮತ್ತೆ ಕೊಳ್ಳಬೇಕು. ಹಾಳೆ ಹರಿಯದ, ಬೈಂಡು ಬಿಚ್ಚದ ಪುಸ್ತಕಕ್ಕೆ ಇದು ಜಾಸ್ತಿಯಾಯಿತು ಅಂತಲೇ ನನ್ನ ಅನಿಸಿಕೆ.

ಬೀಗ ಒಡೆಯುವ ದಾರಿ ಹುಡುಕಬೇಡಿ. 2012ರ ತಿದ್ದುಪಡಿಯಲ್ಲಿ ನಮ್ಮ ಕಾಪಿರೈಟ್ ಕಾನೂನಿಗೆ 65ಎ ಅನ್ನೋ ಕಲಮು ಸೇರಿದೆ. ಹಕ್ಕು ಉಲ್ಲಂಘಿಸಲೆಂದೇ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು. ಅದರ ಬದಲು, ಪೇಟೆಯಲ್ಲಿ ನೆಟ್ ಚೆನ್ನಾಗಿರುವಾಗಲೇ ಡೌನ್‌ಲೋಡ್ ಮಾಡಿ, ಅಲ್ಲೇ ಒಮ್ಮೆ ತೆರೆದು ನೋಡಿ. ಆಮೇಲೆ ಅವಧಿ ಮುಗಿಯುವವರೆಗೆ ನೆಟ್ ಬೇಡ. ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೇಗ ಓದಿ ಮುಗಿಸಿದರೆ ಆ್ಯಪ್‌ನಲ್ಲೇ ವಾಪಸ್ ಕೊಟ್ಟುಬಿಡಿ, ಸರತಿಯಲ್ಲಿ ಕಾಯುತ್ತಿರುವವರಿಗೆ ಸಿಗುತ್ತದೆ.